ಬಿಲ್ಲೆಯ ಋಣ



ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ನೆನಪಿರಬಹುದು. ಕಲಂಕ, ಅಂಕ, ಲಾಂಛನ, ಚಿಹ್ನ, ಲಕ್ಷ್ಮ, ಲಕ್ಷಣ ಎಂಬ ಶಬ್ದಗಳನ್ನು ಅಮರಸಿಂಹನು ಒಂದೇ ಸಾಲಿನಲ್ಲಿ ಪರ್ಯಾಯಗಳಾಗಿ ಪೋಣಿಸಿದ್ದಾನೆ. ಚಂದ್ರನ ಮೈಮೇಲಿನ ಕಲೆಗೂ ಅರಸನ ಲಾಂಛನಕ್ಕೂ ಕೋಶದಲ್ಲಿ ಒಂದೇ ಮನೆ! ಪಾಠಶಾಲೆಯಲ್ಲಿ ಇದನ್ನು ಕೇಳಿದಾಗ ನಮಗೆ ವಿಚಿತ್ರವೆನಿಸಿತ್ತು. ಲೋಕವನ್ನು ನೋಡುತ್ತ ಬಂದಂತೆ ಅದರ ಔಚಿತ್ಯ ತಿಳಿಯಿತು.

ಗುರುತು ಇರುವುದು ನೋಡುವವನಿಗಾಗಿ. ಹರಿಹರದ ಹರಿಹರೇಶ್ವರನನ್ನು ನೀವೆಲ್ಲ ನೋಡಿದ್ದೀರಿ. ಆ ದೇವಾಲಯವನ್ನು 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದನು. ಮೂರ್ತಿ ಒಂದೇ, ಮುಖವೂ ಒಂದೇ. ಅರ್ಧ ಹರ, ಅರ್ಧ ಹರಿ. ಮುಖವನ್ನು ನೋಡಿ ಇವನಾರೆಂದು ನಿರ್ಣಯಿಸುವಂತಿಲ್ಲ. ಕೈಗಳು ಹಿಡಿದುದನ್ನು ನೋಡಿ ಭಕ್ತನು ತಿಳಿಯಬೇಕು. ಎರಡು ಲಾಂಛನಗಳು ಒಂದೇ ಶರೀರದಲ್ಲಿ ಜಗಳವಿಲ್ಲದೆ ನಿಂತಿವೆ. ಅದರ ಮುಂದೆ ಕೈಮುಗಿದು ಹೊರಗೆ ಬಂದ ಮನುಷ್ಯರು ಮಾತ್ರ ಅಂಗಿಯ ಮೇಲಿನ ಒಂದು ಬಿಲ್ಲೆಗಾಗಿ ಬಡಿದಾಡುತ್ತಾರೆ.

ಬಿಲ್ಲೆಯ ನಿಜವಾದ ಅರ್ಥವನ್ನು ತಿಳಿಯಬೇಕಾದರೆ ದಾವಣಗೆರೆಯ ರೈಲು ನಿಲ್ದಾಣಕ್ಕೆ ಹೋಗಬೇಕು. ಹಮಾಲಿಯ ತೋಳಿನ ಮೇಲೆ ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ಒಂದು ಸಂಖ್ಯೆ. ಅದು ಅವನ ಅಲಂಕಾರಕ್ಕಲ್ಲ. ಗಂಟುಮೂಟೆಯನ್ನು ಅಪರಿಚಿತನ ತಲೆಯ ಮೇಲಿಡುವ ಮುದುಕಿಗೆ ಆ ಸಂಖ್ಯೆಯೇ ಜಾಮೀನು. ಬಸ್ಸಿನ ಕಂಡಕ್ಟರನ ಎದೆಯ ಬಿಲ್ಲೆಯೂ ಹಾಗೆಯೇ. ಅದನ್ನು ಅವನು ಇನ್ನೊಬ್ಬನಿಗೆ ಎರವಲು ಕೊಡುವಂತಿಲ್ಲ. ಲೈಸೆನ್ಸು ರದ್ದಾದರೆ ಹಿಂದಿರುಗಿಸಬೇಕು. ಚಿಲ್ಲರೆ ಕೊಡದೆ ಗದರಿಸಿದರೆ ಪ್ರಯಾಣಿಕನು ಕೇಳುವುದು ಅವನ ಕುಲಗೋತ್ರವನ್ನಲ್ಲ, ಬಿಲ್ಲೆಯ ನಂಬರನ್ನು. ಎಂದಮೇಲೆ ಬಿಲ್ಲೆ ಧರಿಸಿದವನು ತನ್ನ ಮೇಲೆ ದೂರು ಕೊಡುವ ದಾರಿಯನ್ನು ತಾನೇ ಎದೆಯ ಮೇಲೆ ಹೊತ್ತು ತಿರುಗುತ್ತಾನೆ. ಇದಕ್ಕಿಂತ ದೊಡ್ಡ ವಿನಯವುಂಟೆ?

ಕಚೇರಿಯ ಡವಾಲಿಯಲ್ಲಿ ಈ ವಿನಯ ಕಡಿಮೆ. ಅಲ್ಲಿ ಬಿಲ್ಲೆ ಜವಾನನದು, ಠೀವಿ ಸಾಹೇಬನದು.

ದಾವಣಗೆರೆ ಹತ್ತಿಗಿರಣಿಗಳ ಊರಾಗಿತ್ತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಇಂಥ ಕಡೆ ದುಡಿಯುವವನಿಗೆ ಗೇಟಿನಲ್ಲಿ ಹೆಸರಿಗಿಂತ ನಂಬರೇ ಮುಖ್ಯ. ಕಿರ್ಲೋಸ್ಕರ್ ಮುಚ್ಚಿಹೋಯಿತು, ಹೆಚ್ಚಿನ ಗಿರಣಿಗಳೂ ನಿಂತವು. ನಂಬರು ಕೊಟ್ಟ ಯಜಮಾನಿಕೆ ಹೋದಮೇಲೆ ನಂಬರಿಗೆ ಉತ್ತರ ಹೇಳುವವರು ಯಾರು? ಗುರುತು ಕೊಟ್ಟವನಿಗೂ ಋಣವುಂಟೆಂಬುದನ್ನು ಜನ ಬೇಗ ಮರೆಯುತ್ತಾರೆ.

ಇನ್ನು ಅಮರಸಿಂಹನ ಕಲಂಕಕ್ಕೆ ಬರೋಣ. 1215ರಲ್ಲಿ ರೋಮಿನಲ್ಲಿ ಕೂಡಿದ ಕ್ರೈಸ್ತ ಧರ್ಮಸಭೆಯು ಯಹೂದಿಗಳೂ ಮುಸಲ್ಮಾನರೂ ಬೇರೆ ಬಗೆಯ ಉಡುಗೆ ತೊಡಬೇಕೆಂದು ವಿಧಿಸಿತು. 1941ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಯಹೂದಿಗಳು, ಆರು ವರುಷ ತುಂಬಿದ ಮಕ್ಕಳು ಕೂಡ, ಹಳದಿ ನಕ್ಷತ್ರವನ್ನು ಬಟ್ಟೆಗೆ ಹೊಲಿದುಕೊಳ್ಳಬೇಕೆಂಬ ಆಜ್ಞೆಯಾಯಿತು. ಹಮಾಲಿಯ ಬಿಲ್ಲೆ ನೋಡುವವನಿಗೆ ಅಭಯ ಕೊಡುತ್ತದೆ. ಈ ನಕ್ಷತ್ರ ನೋಡುವವನಿಗೆ ಹೊಡೆಯುವ ಅಧಿಕಾರ ಕೊಟ್ಟಿತು. ನಮ್ಮ ನಾಡಿನಲ್ಲಿಯೂ ಕೆಲವರಿಗೆ ಉಡುಗೆತೊಡುಗೆಗಳನ್ನು ನಿಷೇಧಿಸಿ, ಬರಿಮೈಯನ್ನೇ ಗುರುತಾಗಿ ಮಾಡಿದ ಕಾಲವಿತ್ತು. ಅದನ್ನು ನಾವು ಜರ್ಮನಿಯವರ ಪಾಪವೆಂದು ಹೇಳಿ ಜಾರಿಕೊಳ್ಳಲಾಗದು.

ಹಾಗಾದರೆ ಇಷ್ಟಲಿಂಗವೂ ಒಂದು ಬಿಲ್ಲೆಯೇ ಎಂದು ಕಾಲೇಜಿನ ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಬಿಲ್ಲೆ ಅಂಗಿಯ ಹೊರಗೆ, ಪರರ ಕಣ್ಣಿಗೆ. ಇಷ್ಟಲಿಂಗ ವಸ್ತ್ರದಲ್ಲೋ ಕರಡಿಗೆಯಲ್ಲೋ ಎದೆಗೆ ತಾಗಿ ಇರುತ್ತದೆ. ಪೂಜೆಯ ಹೊತ್ತಿಗೆ ಎಡ ಅಂಗೈಗೆ ಬಂದಾಗ ಅದನ್ನು ದೃಷ್ಟಿಸುವವನು ಧರಿಸಿದವನೇ. ಅಲ್ಲಿ ದೂರು ಕೊಡುವವನೂ ಕೇಳುವವನೂ ತಾನೇ. ಹಣೆಯ ವಿಭೂತಿಯ ಮಾತು ಬೇರೆ, ಅದು ಎಲ್ಲರಿಗೂ ಕಾಣುತ್ತದೆ. ತಕ್ಕಡಿ ಹಿಡಿದ ವ್ಯಾಪಾರಿಯ ಹಣೆಯಲ್ಲಿ ಅದನ್ನು ಕಂಡ ರೈತನು ತೂಕದ ಬಗ್ಗೆ ಪ್ರಶ್ನಿಸಿದರೆ ಸಿಟ್ಟಾಗಬಾರದು. ಕೇಳುವ ಹಕ್ಕನ್ನು ಆ ವಿಭೂತಿಯೇ ಅವನಿಗೆ ಕೊಟ್ಟಿದೆ.

ನಮ್ಮ ಜಾತ್ರೆಯ ಸಂಗತಿಯನ್ನೂ ಹೇಳಬೇಕು. ಸ್ವಾಗತ ಸಮಿತಿಯ ಬ್ಯಾಡ್ಜು ಧರಿಸಿದವರೇ ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕುಳಿತುಬಿಟ್ಟರೆ ಬಂದವರನ್ನು ಸ್ವಾಗತಿಸುವವರಾರು? ಈ ಸಲ ಪ್ರತಿ ಬ್ಯಾಡ್ಜಿನ ಮೇಲೂ ಸಂಖ್ಯೆ ಬರೆಸಿದ್ದೇವೆ. ಅದನ್ನು ಧರಿಸಿದವರು ಕೊನೆಯ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಬೇಕು. ಯಾರನ್ನಾದರೂ ಎಬ್ಬಿಸಿದರೆ, ಗದರಿದರೆ, ಆ ಸಂಖ್ಯೆಯನ್ನು ನೇರವಾಗಿ ನಮಗೆ ತಿಳಿಸಿರಿ.