ತೆಂಗಿನ ತೋಟಗಳಲ್ಲಿ ಟ್ರ್ಯಾಕ್ಟರ್ ಹಾಗೂ ಪವರ್ ಟಿಲ್ಲರ್ ಮಗುಚುವ ಅಪಾಯ ಮತ್ತು ಸುರಕ್ಷಿತ ಚಾಲನೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆಯೆಂದು ಹೆಸರಾಗಿವೆ. ತಿಪಟೂರಿನ ಉಂಡೆ ಕೊಬ್ಬರಿಯ ಮಾರುಕಟ್ಟೆ ದೇಶದಾದ್ಯಂತ ಪರಿಚಿತವಾದುದು. ಒಂದು ಕಾಲಕ್ಕೆ ಈ ತೋಟಗಳ ಉಳುಮೆ, ಗೊಬ್ಬರ ಸಾಗಣೆ, ಕಾಯಿ ಸಾಗಣೆ ಎಲ್ಲವೂ ಎತ್ತು ಮತ್ತು ಗಾಡಿಗಳಿಂದ ನಡೆಯುತ್ತಿತ್ತು. ಇಂದು ಆ ಕೆಲಸವನ್ನು ಟ್ರ್ಯಾಕ್ಟರ್, ಕಿರು ಟ್ರ್ಯಾಕ್ಟರ್ ಮತ್ತು ಪವರ್ ಟಿಲ್ಲರ್‌ಗಳು ಮಾಡುತ್ತಿವೆ. ಎತ್ತು ಅಪಾಯ ಕಂಡಲ್ಲಿ ತಾನಾಗಿಯೇ ನಿಲ್ಲುತ್ತಿತ್ತು, ಯಂತ್ರ ನಿಲ್ಲುವುದಿಲ್ಲ. ಯಂತ್ರ ಖರೀದಿಯ ಸಹಾಯಧನ, ವಾಹನ ನೋಂದಣಿ, ಚಾಲನಾ ಅನುಜ್ಞಾಪತ್ರ ಅಥವಾ ವಿಮೆಗಾಗಿ ಅರ್ಜಿ ಸಲ್ಲಿಸುವ ನಾಗರಿಕರು ಅರ್ಜಿಯ ಜೊತೆಯಲ್ಲಿಯೇ ಈ ಕೆಳಕಂಡ ವಿಷಯಗಳನ್ನೂ ತಿಳಿದುಕೊಳ್ಳುವುದು ಅವಶ್ಯವಾಗಿರುತ್ತದೆ.

ವಿದೇಶಗಳ ತೋಟ ಮತ್ತು ಹುಲ್ಲುಗಾವಲುಗಳಲ್ಲಿ ಇಂತಹ ಸಣ್ಣಪುಟ್ಟ ಕೆಲಸಗಳಿಗೆ ಕ್ವಾಡ್ ಬೈಕ್ ಎಂಬ ನಾಲ್ಕು ಚಕ್ರದ ವಾಹನ ಬಳಕೆಯಲ್ಲಿದೆ. ಮೋಟಾರ್ ಸೈಕಲ್‌ನಂತೆ ಕಾಲು ಚಾಚಿ ಕೂರುವ ಈ ವಾಹನವು ಮಗುಚಿ ಸವಾರನ ಮೇಲೆಯೇ ಬೀಳುವ ಪ್ರಕರಣಗಳು ಅಲ್ಲಿ ಹೆಚ್ಚಾದ ಕಾರಣ, ಆಸ್ಟ್ರೇಲಿಯಾ ದೇಶವು 2021ರ ಅಕ್ಟೋಬರ್‌ನಿಂದ ಕೃಷಿ ಮುಂತಾದ ಸಾಮಾನ್ಯ ಬಳಕೆಯ ಹೊಸ ಕ್ವಾಡ್ ಬೈಕುಗಳಿಗೆ ಸವಾರನ ರಕ್ಷಣಾ ಸಾಧನವನ್ನು ಕಡ್ಡಾಯಗೊಳಿಸಿತು. ನಮ್ಮ ತೆಂಗಿನ ಸೀಮೆಯಲ್ಲಿ ಕ್ವಾಡ್ ಬೈಕ್ ಅಪರೂಪ. ಆದರೆ ಅಪಾಯ ಅದೇ ಬಗೆಯದು: ತೂಕದ ಯಂತ್ರ, ಏರುತಗ್ಗಿನ ನೆಲ, ತೆರೆದ ಆಸನ.

ಯಂತ್ರ ಏಕೆ ಮಗುಚುತ್ತದೆ

ಟ್ರ್ಯಾಕ್ಟರ್‌ನ ಹಿಂದಿನ ಚಕ್ರಗಳು ದೊಡ್ಡವು, ಎಂಜಿನ್ ನೆಲದಿಂದ ಎತ್ತರದಲ್ಲಿರುತ್ತದೆ. ಆದ್ದರಿಂದ ಅದರ ಗುರುತ್ವ ಕೇಂದ್ರ ಕಾರಿಗಿಂತ ಬಹಳ ಮೇಲಿದೆ. ತಿರುವಿನಲ್ಲಿ ವೇಗವನ್ನು ಎರಡು ಪಟ್ಟು ಮಾಡಿದರೆ ವಾಹನವನ್ನು ಹೊರಕ್ಕೆ ತಳ್ಳುವ ಬಲವು ಎರಡಲ್ಲ, ನಾಲ್ಕು ಪಟ್ಟು ಆಗುತ್ತದೆ. ತೋಟದಲ್ಲಿ ಇದಕ್ಕೆ ಇನ್ನೂ ಕೆಲವು ಕಾರಣಗಳು ಸೇರುತ್ತವೆ. ಮರದ ಸುತ್ತಲಿನ ಪಾತಿಗೆ ಒಂದು ಬದಿಯ ಚಕ್ರ ಇಳಿದು, ಇನ್ನೊಂದು ಬದಿಯ ಚಕ್ರ ಬದುವಿನ ಮೇಲೇರುವುದು. ಸೋಗೆಯ ರಾಶಿಯ ಕೆಳಗೆ ಮುಚ್ಚಿಹೋದ ಹಳೆಯ ಗುಂಡಿ. ಸಿಪ್ಪೆ ತುಂಬಿ ಮೇಲೆ ಮಣ್ಣೆಳೆದ ಕಾಲುವೆ, ಅದು ನೋಡಲು ಗಟ್ಟಿ ನೆಲದಂತೆಯೇ ಕಾಣುತ್ತದೆ. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದ ಇಳಿಜಾರಿನ ತೋಟಗಳಲ್ಲಿಯೂ, ಎಲ್ಲ ಕಡೆಯ ಕೆರೆ ಏರಿಗಳ ಮೇಲೆಯೂ ಹೆಚ್ಚಿನ ಎಚ್ಚರ ಬೇಕು. ಮಳೆಯ ನಂತರ ಏರಿಯ ಅಂಚಿನ ಮಣ್ಣು ಭಾರಕ್ಕೆ ಕುಸಿಯುತ್ತದೆ. ಕಾಲುವೆ ಅಥವಾ ಗುಂಡಿಯ ಆಳ ಎಷ್ಟಿದೆಯೋ ಕನಿಷ್ಠ ಅಷ್ಟು ದೂರವನ್ನು ಅದರ ಅಂಚಿನಿಂದ ಬಿಟ್ಟು ಚಾಲನೆ ಮಾಡತಕ್ಕದ್ದು.

ಟ್ರ್ಯಾಕ್ಟರ್‌ಗೆ ಎಡ ಮತ್ತು ಬಲ ಚಕ್ರಗಳಿಗೆ ಪ್ರತ್ಯೇಕ ಬ್ರೇಕ್ ಪೆಡಲ್‌ಗಳಿರುತ್ತವೆ. ಉಳುಮೆಯ ಸಾಲಿನ ಕೊನೆಯಲ್ಲಿ ಗಿರಕಿ ತಿರುಗಿಸಲು ಇವು ಅನುಕೂಲ. ತೋಟದಿಂದ ರಸ್ತೆಗೆ ಬಂದಾಗ ಎರಡೂ ಪೆಡಲ್‌ಗಳನ್ನು ಕೊಂಡಿಯಿಂದ ಜೋಡಿಸದೆ ಹೋದಲ್ಲಿ, ವೇಗದಲ್ಲಿ ಒತ್ತಿದ ಬ್ರೇಕ್ ಒಂದೇ ಚಕ್ರವನ್ನು ಹಿಡಿದು ವಾಹನ ಅಡ್ಡಲಾಗಿ ಮಗುಚುತ್ತದೆ. ಕೊಂಡಿ ಹಾಕಲು ಬೇಕಾಗುವುದು ಒಂದು ಕ್ಷಣ ಮಾತ್ರ.

ಒಣಗಿದ ಮರದ ಬೊಡ್ಡೆ ಕೀಳುವಾಗ

ಬರ, ರೋಗ ಅಥವಾ ವಯಸ್ಸಿನಿಂದ ಒಣಗಿದ ತೆಂಗಿನ ಮರಗಳನ್ನು ಕಡಿದ ಮೇಲೆ ಉಳಿಯುವ ಬೊಡ್ಡೆಗಳನ್ನು ಸರಪಳಿ ಕಟ್ಟಿ ಟ್ರ್ಯಾಕ್ಟರ್‌ನಿಂದ ಎಳೆಯುವ ರೂಢಿ ಈ ಭಾಗದಲ್ಲಿದೆ. ಟ್ರ್ಯಾಕ್ಟರ್ ಕೆಲಸಗಳಲ್ಲಿ ಇಷ್ಟು ಅಪಾಯದ ಕೆಲಸ ಮತ್ತೊಂದಿಲ್ಲವೆಂದರೆ ತಪ್ಪಾಗಲಾರದು. ಬೊಡ್ಡೆ ಕದಲದಿದ್ದಾಗ ಹಿಂದಿನ ಚಕ್ರಗಳು ಮುಂದೆ ಹೋಗಲಾರವು. ಎಂಜಿನ್ನಿನ ಬಲವು ಟ್ರ್ಯಾಕ್ಟರ್‌ನ ದೇಹವನ್ನೇ ಹಿಂಬದಿಯ ಅಚ್ಚಿನ ಸುತ್ತ ತಿರುಗಿಸತೊಡಗುತ್ತದೆ. ಮುಂಭಾಗ ಮೇಲೇಳುತ್ತದೆ. ಮುಂದಿನ ಚಕ್ರಗಳು ನೆಲ ಬಿಟ್ಟ ಮೇಲೆ ಹಿಂತಿರುಗಿ ಬಾರದ ಹಂತವನ್ನು ತಲುಪಲು ಬೇಕಾಗುವ ಕಾಲ ಸುಮಾರು ಮುಕ್ಕಾಲು ಸೆಕೆಂಡ್. ಒಂದೂವರೆ ಸೆಕೆಂಡಿನಲ್ಲಿ ಟ್ರ್ಯಾಕ್ಟರ್ ಬೆನ್ನು ಮೇಲಾಗಿ ಬಿದ್ದಿರುತ್ತದೆ. ಏನಾಗುತ್ತಿದೆಯೆಂದು ಮನಸ್ಸು ಗ್ರಹಿಸಿ, ಕಾಲು ಕ್ಲಚ್ ಒತ್ತುವುದಕ್ಕೂ ಇಷ್ಟು ಅವಧಿ ಸಾಲದು. ಅನುಭವಿ ಚಾಲಕರು ಧುಮುಕಿ ಪಾರಾಗಬಹುದೆಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಮೇಲಿನ ಲೆಕ್ಕವನ್ನು ನೋಡಿದಲ್ಲಿ ಆ ನಂಬಿಕೆಗೆ ಆಧಾರವಿಲ್ಲವೆಂದು ತಿಳಿಯುತ್ತದೆ.

ಸರಪಳಿಯನ್ನು ಎಲ್ಲಿ ಕಟ್ಟಲಾಗಿದೆ ಎಂಬುದರ ಮೇಲೆ ಪ್ರಾಣ ನಿಂತಿದೆ. ಹಿಂಬದಿಯ ಅಚ್ಚಿಗೆ, ಆಸನದ ಕೆಳಗಿನ ಕಬ್ಬಿಣಕ್ಕೆ ಅಥವಾ ಮೇಲಿನ ಜೋಡಣಾ ಕೊಂಡಿಗೆ ಯಾವ ಕಾರಣಕ್ಕೂ ಕಟ್ಟಬಾರದು. ಕಂಪನಿ ಒದಗಿಸಿರುವ ಡ್ರಾಬಾರ್‌ಗೆ, ಅಂದರೆ ಅಚ್ಚಿಗಿಂತ ಕೆಳಗಿರುವ ಎಳೆಪಟ್ಟಿಗೆ ಮಾತ್ರ ಕಟ್ಟತಕ್ಕದ್ದು. ಕ್ಲಚ್ಚನ್ನು ಒಮ್ಮೆಗೇ ಬಿಡಬಾರದು. ಜಗ್ಗಿ ಜಗ್ಗಿ ಎಳೆಯಬಾರದು. ಸರಪಳಿ ತುಂಡಾದರೆ ಅದರ ತುದಿ ಗುಂಡಿನಂತೆ ಬರುವುದರಿಂದ ಸುತ್ತಮುತ್ತ ಯಾರೂ ನಿಲ್ಲಬಾರದು. ಬೊಡ್ಡೆಯ ಬೇರುಗಳನ್ನು ಮೊದಲೇ ಅಗೆದು ಕಡಿಯುವುದು ಅಥವಾ ಮಣ್ಣು ತೆಗೆಯುವ ಯಂತ್ರವನ್ನು ಬಾಡಿಗೆಗೆ ಪಡೆಯುವುದು ಉತ್ತಮ. ಬಾಡಿಗೆಯ ಖರ್ಚು ಹೆಚ್ಚೆನಿಸಿದರೂ ಬೊಡ್ಡೆಯನ್ನು ಅಲ್ಲಿಯೇ ಕೊಳೆಯಲು ಬಿಡಬಾರದು, ಅದು ತೋಟಕ್ಕೆ ಕೀಟ ಮತ್ತು ರೋಗದ ನೆಲೆಯಾಗುತ್ತದೆ.

ಕೆಸರಿನಲ್ಲಿ ಚಕ್ರ ಹೂತಾಗಲೂ ಇದೇ ರೀತಿ ಆಗುತ್ತದೆ. ಹಿಂದಿನ ಚಕ್ರಗಳ ಮುಂದೆ ತೆಂಗಿನ ದಿಮ್ಮಿ ಇಟ್ಟು ಅಥವಾ ಚಕ್ರಕ್ಕೆ ದಿಮ್ಮಿ ಕಟ್ಟಿ ಮುಂದಕ್ಕೆ ಏರಿಸುವ ಉಪಾಯವು ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚಲು ನೇರ ದಾರಿ. ಹಿಂದಕ್ಕೆ ತೆಗೆಯಲು ಪ್ರಯತ್ನಿಸಬೇಕು, ಇಲ್ಲವೇ ಮತ್ತೊಂದು ವಾಹನದ ನೆರವು ಪಡೆಯಬೇಕು.

ರಕ್ಷಣಾ ಚೌಕಟ್ಟು

ಆಸನದ ಹಿಂಬದಿ ಅಥವಾ ಸುತ್ತಲೂ ಅಳವಡಿಸುವ ಉಕ್ಕಿನ ಚೌಕಟ್ಟು, ಯಂತ್ರ ಮಗುಚಿದರೂ ಚಾಲಕನು ಅದರ ಅಡಿಯಲ್ಲಿ ಜಜ್ಜಿಹೋಗದಂತೆ ಜಾಗ ಉಳಿಸುತ್ತದೆ. ಸ್ವೀಡನ್ ದೇಶವು 1959ರಲ್ಲಿ ಹೊಸ ಟ್ರ್ಯಾಕ್ಟರ್‌ಗಳಿಗೆ ಇದನ್ನು ಕಡ್ಡಾಯಗೊಳಿಸಿದ ನಂತರದ ದಶಕಗಳಲ್ಲಿ ಅಲ್ಲಿ ಟ್ರ್ಯಾಕ್ಟರ್ ಮಗುಚಿ ಸಾಯುವವರ ಸಂಖ್ಯೆ ಬಹುತೇಕ ಇಲ್ಲವಾಯಿತು. ನಮ್ಮಲ್ಲಿ ಚೌಕಟ್ಟಿಲ್ಲದ ಟ್ರ್ಯಾಕ್ಟರ್‌ಗಳೇ ಹೆಚ್ಚು ಕಾಣಸಿಗುತ್ತವೆ. ತೆಂಗಿನ ಗರಿಗೆ ತಾಗುತ್ತದೆ ಎಂಬ ಕಾರಣ ನೀಡಿ ಇದ್ದ ಚೌಕಟ್ಟನ್ನೇ ಬಿಚ್ಚಿಸುವವರೂ ಇದ್ದಾರೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಎಳೆಯ ತೋಟದಲ್ಲಿ ತಗ್ಗಿನ ಗರಿಗಳಿಗೆ ಎತ್ತರದ ಚೌಕಟ್ಟು ಸಿಕ್ಕಿಕೊಳ್ಳುತ್ತದೆ. ಅಂತಹ ತೋಟಗಳಿಗೆ ಮಡಚುವ ಚೌಕಟ್ಟು ಸೂಕ್ತ. ಗರಿಗಳ ನಡುವೆ ಮಡಚಿ, ಹೊರಗೆ ಬಂದೊಡನೆ ನಿಲ್ಲಿಸಿಕೊಳ್ಳಬಹುದು. ಎತ್ತರಕ್ಕೆ ಬೆಳೆದ ಹಳೆಯ ತೋಟದಲ್ಲಿ ಬಿಚ್ಚಿಸಲು ಯಾವ ಕಾರಣವೂ ಇಲ್ಲ. ಚೌಕಟ್ಟು ನಿಂತಿರುವಾಗ ಆಸನದ ಪಟ್ಟಿಯನ್ನು ಕಟ್ಟಿಕೊಳ್ಳಲೇಬೇಕು. ಚೌಕಟ್ಟು ಇಲ್ಲದಿರುವಾಗ ಅಥವಾ ಮಡಚಿರುವಾಗ ಪಟ್ಟಿ ಕಟ್ಟಿಕೊಳ್ಳಬಾರದು. ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ನೆರಳಿಗಾಗಿ ಮಾಡಿಸಿದ ಕೊಳವೆಯ ಚಪ್ಪರವು ರಕ್ಷಣಾ ಚೌಕಟ್ಟಲ್ಲ. ಟ್ರ್ಯಾಕ್ಟರ್ ಖರೀದಿಸುವವರು ದರಪಟ್ಟಿ ಪಡೆಯುವಾಗಲೇ ಪರೀಕ್ಷಿತ ಚೌಕಟ್ಟು ಲಭ್ಯವಿದೆಯೇ ಎಂದು ಮಾರಾಟಗಾರರನ್ನು ವಿಚಾರಿಸತಕ್ಕದ್ದು.

ಪವರ್ ಟಿಲ್ಲರ್

ಟಿಲ್ಲರ್ ಸಣ್ಣದೆಂಬ ಕಾರಣಕ್ಕೆ ಅದನ್ನು ಹಗುರವಾಗಿ ಕಾಣಲಾಗುತ್ತಿದೆ. ಹಿಂದಕ್ಕೆ ತೆಗೆಯುವಾಗ ಹಿಡಿಕೆ ಮತ್ತು ತೆಂಗಿನ ಮರದ ನಡುವೆ ಚಾಲಕ ಸಿಲುಕುವುದು, ತಿರುಗುತ್ತಿರುವ ಕತ್ತಿಗಳು ಕಾಲಿನ ಮೇಲೆ ಬರುವುದು ಇದರ ಮುಖ್ಯ ಅಪಾಯ. ಹಿಮ್ಮುಖ ಗೇರ್ ಹಾಕುವ ಮೊದಲು ಕತ್ತಿಗಳ ಚಲನೆಯನ್ನು ನಿಲ್ಲಿಸಬೇಕು ಮತ್ತು ಬೆನ್ನ ಹಿಂದೆ ಮರವಿದೆಯೇ ಎಂದು ನೋಡಬೇಕು.

ಹೊಸಬರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ಸಮ ನೆಲದಲ್ಲಿ ಬಲಗೈಯ ಕ್ಲಚ್ ಹಿಡಿದರೆ ಟಿಲ್ಲರ್ ಬಲಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಇಳಿಯುವಾಗ ಹಾಗಲ್ಲ: ಬಲಗೈಯ ಕ್ಲಚ್ ಹಿಡಿದೊಡನೆ ಬಲಚಕ್ರವು ಎಂಜಿನ್ನಿನ ಹಿಡಿತ ತಪ್ಪಿ ವೇಗವಾಗಿ ಉರುಳಿ, ಯಂತ್ರ ಎಡಕ್ಕೆ ತಿರುಗುತ್ತದೆ. ಕೆರೆ ಏರಿಯಿಂದ ಟ್ರೈಲರ್ ಸಮೇತ ಇಳಿಯುವಾಗ ಇದನ್ನು ಮರೆತಲ್ಲಿ ವಾಹನ ನೇರವಾಗಿ ಹಳ್ಳಕ್ಕೆ ಹೋಗುತ್ತದೆ. ಇಳಿಜಾರಿನಲ್ಲಿ ಮೊದಲ ಗೇರ್‌ನಲ್ಲಿ, ನಿಧಾನವಾಗಿ, ಪಕ್ಕದ ಕ್ಲಚ್ ಮುಟ್ಟದೆ ಹಿಡಿಕೆಯ ಬಲದಿಂದಲೇ ದಾರಿ ಸರಿಪಡಿಸಿಕೊಳ್ಳಬೇಕು.

ರೋಟಾವೇಟರ್ ಮತ್ತು ಟ್ರ್ಯಾಕ್ಟರ್‌ನಿಂದ ಇತರ ಯಂತ್ರಗಳಿಗೆ ಶಕ್ತಿ ಒಯ್ಯುವ ತಿರುಗು ದಂಡವು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9 ಸುತ್ತು. ಹೆಗಲ ಮೇಲಿನ ಟವೆಲ್, ಪಂಚೆಯ ತುದಿ, ಸೀರೆಯ ಸೆರಗು ಅಥವಾ ಜಡೆ ಒಮ್ಮೆ ಸಿಕ್ಕಿದರೆ ಬಿಡಿಸಿಕೊಳ್ಳಲು ಅವಕಾಶವಿರುವುದಿಲ್ಲ. ದಂಡದ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದಲ್ಲಿ ಬದಲಾಯಿಸದೆ ಕೆಲಸ ಆರಂಭಿಸಬಾರದು.

ಟ್ರೈಲರ್‌ನಲ್ಲಿ ಜನ ಸಾಗಣೆ

ಟ್ರ್ಯಾಕ್ಟರ್‌ನಲ್ಲಿರುವ ಆಸನ ಒಂದೇ, ಅದು ಚಾಲಕನದು. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಿಕೊಂಡು ತೋಟ ಸುತ್ತಿಸುವುದು ಪ್ರೀತಿಯಿಂದ ಮಾಡುವ ಕೆಲಸವೇ ಆದರೂ, ಒಂದು ಗುಂಡಿಗೆ ಚಕ್ರ ಬಿದ್ದರೆ ಮಗು ಬೀಳುವುದು ಹಿಂದಿನ ದೊಡ್ಡ ಚಕ್ರದ ಮುಂದೆಯೇ. ಕಾಯಿಯ ರಾಶಿಯ ಮೇಲೆ ಕೂಲಿಯವರು ಕೂತು ಬರುವುದೂ, ಜಾತ್ರೆ ಮತ್ತು ಮದುವೆಗಳಿಗೆ ಇಡೀ ಕುಟುಂಬ ಟ್ರೈಲರ್‌ನಲ್ಲಿ ಹೋಗುವುದೂ ಈ ಭಾಗದಲ್ಲಿ ಸಾಮಾನ್ಯ. ಬಸ್ಸಿನ ಸೌಕರ್ಯ ಕಡಿಮೆಯಿರುವ ಹಳ್ಳಿಗಳಲ್ಲಿ ಇದು ಅನಿವಾರ್ಯವೆನಿಸುವುದನ್ನು ಅಲ್ಲಗಳೆಯಲಾಗದು. ಆದಾಗ್ಯೂ ಇದರ ಕಾನೂನಿನ ಪರಿಣಾಮವನ್ನು ಬಹಳ ಮಂದಿ ಅರಿತಿರುವುದಿಲ್ಲ. ಕೃಷಿ ಬಳಕೆಗೆಂದು ಮಾಡಿಸಿದ ವಿಮೆಯು ಟ್ರೈಲರ್‌ನಲ್ಲಿ ಕುಳಿತ ಪ್ರಯಾಣಿಕರನ್ನು ಒಳಗೊಳ್ಳುವುದಿಲ್ಲ. ಕೃಷಿಯೇತರ ಕೆಲಸಕ್ಕೆ ಹೊರಟ ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿದ್ದು ಗಾಯಗೊಂಡವರೊಬ್ಬರ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಮಾ ಕಂಪನಿಗೆ ಹೊಣೆಯಿಲ್ಲವೆಂದು ಹೇಳಿತು. ಗಾಯಾಳುವಿನ ಪರಿಸ್ಥಿತಿಯನ್ನು ಕಂಡು ಕಂಪನಿಯೇ ಮೊದಲು ಹಣ ನೀಡಿ ಬಳಿಕ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸಿತು. ಅಂದರೆ ಅಂತಿಮ ಭಾರ ಬೀಳುವುದು ಮಾಲೀಕನ ತೋಟದ ಮೇಲೆ.

ರಾತ್ರಿ ವೇಳೆ ಬಿ.ಹೆಚ್. ರಸ್ತೆಯಲ್ಲಿ ದೀಪವಿಲ್ಲದ ಟ್ರೈಲರ್‌ಗೆ ಹಿಂದಿನಿಂದ ಬರುವ ವಾಹನ ಗುದ್ದುವ ಅಪಾಯವೂ ಇದೆ. ಟ್ರೈಲರ್‌ನ ಹಿಂಬದಿಯಲ್ಲಿ ಕೆಂಪು ಪ್ರತಿಫಲಕಗಳಿರತಕ್ಕದ್ದು. ಸೋಗೆ ಅಥವಾ ಸಿಪ್ಪೆಯ ಹೇರು ಅವುಗಳನ್ನು ಮುಚ್ಚದಂತೆ ನೋಡಿಕೊಳ್ಳಬೇಕು.

ಅನುಜ್ಞಾಪತ್ರ, ನೋಂದಣಿ ಮತ್ತು ವಿಮೆ

ಸಾರ್ವಜನಿಕ ರಸ್ತೆಯಲ್ಲಿ ಟ್ರ್ಯಾಕ್ಟರ್ ಚಲಾಯಿಸಲು 18 ವರ್ಷ ತುಂಬಿರಬೇಕು. ಒಂದು ತೋಟದಿಂದ ಮತ್ತೊಂದು ತೋಟಕ್ಕೆ ಹೋಗಲು ರಸ್ತೆ ದಾಟುವುದೂ ಸಾರ್ವಜನಿಕ ರಸ್ತೆಯ ಚಾಲನೆಯೇ ಆಗಿರುತ್ತದೆ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಖಾಲಿ ತೂಕ 7500 ಕಿಲೋಗ್ರಾಂ ಮೀರದ ಟ್ರ್ಯಾಕ್ಟರ್ ಲಘು ಮೋಟಾರು ವಾಹನದ ವ್ಯಾಖ್ಯೆಯಲ್ಲಿ ಬರುತ್ತದೆ. 2019ರ ತಿದ್ದುಪಡಿಯ ನಂತರ, ಅಪ್ರಾಪ್ತ ವಯಸ್ಕರು ವಾಹನ ಚಲಾಯಿಸಿ ಅಪರಾಧವೆಸಗಿದಲ್ಲಿ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಹಾಗೂ ಆ ಬಾಲಕನಿಗೆ 25 ವರ್ಷ ತುಂಬುವವರೆಗೆ ಅನುಜ್ಞಾಪತ್ರ ದೊರೆಯದು.

ಕಲಿಕಾ ಅನುಜ್ಞಾಪತ್ರಕ್ಕೆ ಸಾರಥಿ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಇದು 6 ತಿಂಗಳು ಊರ್ಜಿತವಿದ್ದು, ಪಡೆದ 30 ದಿನಗಳ ನಂತರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ವಯಸ್ಸು ಮತ್ತು ವಿಳಾಸದ ದಾಖಲೆ, ಭಾವಚಿತ್ರ, ಹಾಗೂ 40 ವರ್ಷ ಮೀರಿದವರು ನಮೂನೆ 1-ಎ ವೈದ್ಯಕೀಯ ಪ್ರಮಾಣಪತ್ರವನ್ನು ಲಗತ್ತಿಸಬೇಕು. ತಿಪಟೂರಿನಲ್ಲಿ ಕೆಎ-44 ಸಂಕೇತದ ಸಾರಿಗೆ ಕಚೇರಿ ಇದೆ.

ವಿಮೆಯ ವಿಷಯದಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಮಾಲೀಕ-ಚಾಲಕರಿಗೆ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ರಕ್ಷಣೆ ಇರುತ್ತದೆ. ಅದು ನೋಂದಣಿ ಪತ್ರದಲ್ಲಿ ಹೆಸರಿರುವವರು, ಊರ್ಜಿತ ಅನುಜ್ಞಾಪತ್ರದೊಂದಿಗೆ, ತಾವೇ ಚಲಾಯಿಸುತ್ತಿದ್ದಾಗ ಅನ್ವಯಿಸುವಂತಹುದು. ಟ್ರ್ಯಾಕ್ಟರ್ ತಂದೆಯ ಹೆಸರಿನಲ್ಲಿದ್ದು ಮಗ ಚಲಾಯಿಸುವ ಮನೆಗಳೇ ಹಳ್ಳಿಗಳಲ್ಲಿ ಹೆಚ್ಚು. ಅಂತಹವರು ನಿತ್ಯ ಚಲಾಯಿಸುವವರ ಹೆಸರಿಗೆ ಪ್ರತ್ಯೇಕ ರಕ್ಷಣೆ ಪಡೆಯುವ ಬಗ್ಗೆ ನವೀಕರಣದ ಸಮಯದಲ್ಲಿ ವಿಚಾರಿಸಬೇಕು. ಇದಲ್ಲದೆ 18ರಿಂದ 70 ವರ್ಷದೊಳಗಿನ ಬ್ಯಾಂಕ್ ಖಾತೆದಾರರು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. ವಾರ್ಷಿಕ ಕಂತು 20 ರೂಪಾಯಿ; ಅಪಘಾತದಲ್ಲಿ ಮರಣ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಕಳೆದುಕೊಂಡಲ್ಲಿ 1 ಲಕ್ಷ ರೂಪಾಯಿ ದೊರೆಯುತ್ತದೆ. ತೋಟದ ಕೂಲಿಯವರನ್ನು ಈ ಯೋಜನೆಗೆ ಸೇರಿಸುವುದಕ್ಕೆ ಮಾಲೀಕರು ನೆರವಾಗಬಹುದು.

ಅವಘಡ ಸಂಭವಿಸಿದಲ್ಲಿ

ಮೊದಲು ಎಂಜಿನ್ ನಿಲ್ಲಿಸಬೇಕು. ಅಡಿಯಲ್ಲಿ ಸಿಲುಕಿದವರನ್ನು ಎಳೆಯುವುದಾಗಲಿ, ಆತುರದಿಂದ ಸರಪಳಿ ಕಟ್ಟಿ ಯಂತ್ರವನ್ನು ಎತ್ತುವುದಾಗಲಿ ಮಾಡಬಾರದು. ಯಂತ್ರ ಮತ್ತೆ ಜಾರದಂತೆ ಕಲ್ಲು ಅಥವಾ ದಿಮ್ಮಿಯ ಆಸರೆ ಕೊಟ್ಟು ನಂತರವೇ ಮುಂದುವರಿಯಬೇಕು. ಆಂಬ್ಯುಲೆನ್ಸ್‌ಗಾಗಿ 108, ಪೊಲೀಸ್ ಮತ್ತು ಅಗ್ನಿಶಾಮಕ ನೆರವಿಗಾಗಿ 112 ಸಂಖ್ಯೆಗೆ ಕರೆ ಮಾಡಬೇಕು. ಕರೆ ಮಾಡುವವರು ಊರಿನ ಹೆಸರಿನ ಜೊತೆಗೆ ತೋಟಕ್ಕೆ ಬರುವ ದಾರಿಯ ಗುರುತನ್ನೂ ತಿಳಿಸಿ, ಒಬ್ಬರನ್ನು ಮುಖ್ಯ ರಸ್ತೆಯಲ್ಲಿ ನಿಲ್ಲಿಸುವುದು ಒಳ್ಳೆಯದು. ರಸ್ತೆ ಅಪಘಾತದ ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರ ಮೇಲೆ ಯಾವುದೇ ಮೊಕದ್ದಮೆ ಹೂಡುವಂತಿಲ್ಲವೆಂದು ಕಾಯ್ದೆಯ 134-ಎ ಪ್ರಕರಣ ಹೇಳುತ್ತದೆ. ರಸ್ತೆಯಲ್ಲಿ ಸಂಭವಿಸಿದ ಮೋಟಾರು ವಾಹನ ಅಪಘಾತವಾದಲ್ಲಿ, 2025ರ ಮೇ ತಿಂಗಳಲ್ಲಿ ಅಧಿಸೂಚಿಸಲಾದ ಕೇಂದ್ರದ ಯೋಜನೆಯನ್ವಯ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ತೋಟದೊಳಗಿನ ಅವಘಡವಾದಲ್ಲಿಯೂ ಪೊಲೀಸ್ ಠಾಣೆಯಲ್ಲಿ ದಾಖಲಿಸುವುದನ್ನು ಕೈಬಿಡಬಾರದು. ಮುಂದೆ ವಿಮೆಯ ಅರ್ಜಿಗೆ ಆ ಪ್ರತಿ ಬೇಕಾಗುತ್ತದೆ.

ಯಂತ್ರಗಳ ಆಯ್ಕೆ ಮತ್ತು ಬಳಕೆಯ ಕುರಿತು ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಹಾಗೂ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು. ಕಿಸಾನ್ ಕರೆ ಕೇಂದ್ರದ ಶುಲ್ಕರಹಿತ ದೂರವಾಣಿ ಸಂಖ್ಯೆ 1800-180-1551.