ಬಿಳಿ ಬೆಳಕಿಗೆ ಚಿಟಿಕೆ ಬಣ್ಣ: ಓಎಲ್‌ಇಡಿ ಒಳಗಿನ ಡೈ ಲೆಕ್ಕ

ಹೋದ ಎಪಿಸೋಡ್ ಕೇಳಿದ ಕೆಲವರು ಒಂದು ಒಳ್ಳೆ ಪ್ರಶ್ನೆ ಕಳಿಸಿದ್ರು: ಓಎಲ್‌ಇಡಿಯಲ್ಲಿ ಬಿಳಿ ಬೆಳಕು ಎಲ್ಲಿಂದ ಬರುತ್ತೆ? ಬಿಳಿಯಾಗಿ ಹೊಳೆಯೋ ವಸ್ತು ಇದೆಯಾ? ಸಾಮಾನ್ಯವಾಗಿ ಹಾಗಲ್ಲ. ಬೇರೆ ಬೇರೆ ಬಣ್ಣ ಸೂಸುವ ಅಣುಗಳು ಒಟ್ಟಿಗೆ ಹೊಳೆದಾಗ ನಮ್ಮ ಕಣ್ಣಿಗೆ ಅದು ಬಿಳಿ.

1987ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಕಡಿಮೆ ವೋಲ್ಟೇಜ್‌ನಲ್ಲಿ ಹಸಿರಾಗಿ ಹೊಳೆಯುವ ಓಎಲ್‌ಇಡಿಯ ವಿವರ ಪ್ರಕಟಿಸಿದರು. ಎರಡು ವರ್ಷದ ನಂತರ ಅದೇ ತಂಡ ಆ ಹಸಿರು ಪದರಕ್ಕೆ ಲೇಸರ್‌ಗಳಲ್ಲಿ ಬಳಸುವ ಫ್ಲೋರೊಸೆಂಟ್ ಡೈ ಸೇರಿಸಿತು. ಎಷ್ಟು? ಶೇ. 1ರ ಆಸುಪಾಸು. ಬಣ್ಣವೂ ಬದಲಾಯ್ತು, ದಕ್ಷತೆಯೂ ಹೆಚ್ಚಾಯ್ತು. ಹೀಗೆ ಬೆರೆಸೋದೇ ಡೋಪಿಂಗ್.

ಇಷ್ಟು ಕಡಿಮೆ ಯಾಕೆ? ಡೈ ಅಣುಗಳು ಒತ್ತೊತ್ತಾಗಿ ಕೂತರೆ ಒಂದರ ಬೆಳಕನ್ನ ಇನ್ನೊಂದು ಆರಿಸಿಬಿಡುತ್ತೆ. ಅದಕ್ಕೇ ಅವನ್ನ ದೂರ ದೂರ ಕೂರಿಸಬೇಕು. ಕರೆಂಟಿನ ಶಕ್ತಿಯನ್ನ ಬಹುಪಾಲು ಹಿಡಿಯೋದು ಸುತ್ತಲಿನ ಹೋಸ್ಟ್ ವಸ್ತು. ಅದು ಆ ಶಕ್ತಿಯನ್ನ ಪಕ್ಕದ ಡೈಗೆ ದಾಟಿಸುತ್ತೆ.

ಬಿಳಿ ಮಾಡೋವಾಗ ಇದೇ ದಾಟಿಸುವಿಕೆ ತಲೆನೋವು. ಶಕ್ತಿ ನೀರಿನ ಹಾಗೆ, ಇಳಿಜಾರಿಗೇ ಓಡುತ್ತೆ. ನೀಲಿ ಮೇಲೆ, ಹಸಿರು ಮಧ್ಯೆ, ಕಿತ್ತಳೆ ಕೆಳಗೆ. ಮೂರನ್ನೂ ಸಮ ಸಮ ಹಾಕಿದ್ರೆ ಕೊನೆಗೆ ಕಾಣೋದು ಹೆಚ್ಚಾಗಿ ಕಿತ್ತಳೆಯೇ. ಜಪಾನಿನ ಯಮಗಾಟ ವಿಶ್ವವಿದ್ಯಾಲಯದ ಜುಂಜಿ ಕಿಡೊ ತಂಡ 1994ರಲ್ಲಿ ಒಂದೇ ಪಾಲಿಮರ್ ಪದರಕ್ಕೆ ಮೂರು ಡೈ ಬೆರೆಸಿ ಬಿಳಿ ಬೆಳಕು ತೋರಿಸಿತು. ಇಂಥ ಬೆರಕೆಯ ಗುಟ್ಟು ಇಷ್ಟೇ: ನೀಲಿ ಧಾರಾಳ, ಹಸಿರು–ಕಿತ್ತಳೆಗೆ ಬರೀ ಚಿಟಿಕೆ. ಆಗ ನೀಲಿಯ ಶಕ್ತಿ ಪೂರ್ತಿ ಕೆಳಗಿಳಿಯಲ್ಲ, ಅರ್ಧಂಬರ್ಧ ನಿಲ್ಲುತ್ತೆ. ಬೇಕಂತಲೇ ಬಿಟ್ಟ ಆ ಕೊರತೆಯೇ ಬಿಳಿ. ನನಗಂತೂ ಈ ಇಡೀ ಕತೆಯಲ್ಲಿ ಇಷ್ಟವಾದ ಭಾಗ ಇದು.

ಈಗ ನಷ್ಟದ ಲೆಕ್ಕ, ಬಿ.ಕಾಂ. ಓದಿದ ನನಗೆ ಇದು ಬೇಗ ಅರ್ಥವಾಗುತ್ತೆ! ಕರೆಂಟ್ ಹರಿದಾಗ ಹುಟ್ಟುವ ನೂರು ಉದ್ರಿಕ್ತ ಸ್ಥಿತಿಗಳಲ್ಲಿ ಸುಮಾರು 25 ಸಿಂಗ್ಲೆಟ್, 75 ಟ್ರಿಪ್ಲೆಟ್. ಸಾಧಾರಣ ಫ್ಲೋರೊಸೆಂಟ್ ಡೈ ನೇರವಾಗಿ ಬೆಳಕು ಮಾಡೋದು ಆ 25ರಿಂದ ಮಾತ್ರ. ಉಳಿದದ್ದು ಹೆಚ್ಚಿನ ಪಾಲು ಶಾಖವಾಗಿ ಹೋಗುತ್ತೆ. 1998ರಿಂದ ಬಂದ ಪ್ಲಾಟಿನಂ, ಇರಿಡಿಯಂ ಇರುವ ಫಾಸ್ಫೊರೊಸೆಂಟ್ ವಸ್ತುಗಳು ನೂರನ್ನೂ ಬಳಸಬಲ್ಲವು.

ಹಾಗಾದ್ರೆ ಹಳೇ ಡೈ ಬಿಟ್ಟುಬಿಡಬಹುದಲ್ವಾ? ಹಸಿರು, ಕೆಂಪಿಗೆ ಹೌದು. ನೀಲಿಗೆ ಕಷ್ಟ. ನೀಲಿ ಬೆಳಕಿಗೆ ಶಕ್ತಿ ಜಾಸ್ತಿ ಬೇಕು, ಆ ಒತ್ತಡಕ್ಕೆ ಫಾಸ್ಫೊರೊಸೆಂಟ್ ನೀಲಿ ಅಣುಗಳು ಬೇಗ ಮುರಿಯುತ್ತವೆ. ಅದಕ್ಕೇ 2013ರಲ್ಲಿ ಎಲ್‌ಜಿ ಮಾರುಕಟ್ಟೆಗೆ ತಂದ ಬಿಳಿ ಓಎಲ್‌ಇಡಿ ಟಿವಿಗಳ ಕಾಲದಲ್ಲೂ ನೀಲಿ ಪದರ ಫ್ಲೋರೊಸೆಂಟೇ. ಜೊತೆಗೆ ಹಳದಿ-ಹಸಿರು ಫಾಸ್ಫೊರೊಸೆಂಟ್ ಪದರ, ಮೇಲೆ ಬಣ್ಣದ ಫಿಲ್ಟರ್. ನೀಲಿ ಮೊದಲು ಸವೆದರೆ ಬಿಳಿ ಹಳದಿಗೆ ತಿರುಗುತ್ತೆ. ಹಾಗಾಗಿ ಕಂಪನಿಗಳು ಕರೆಂಟಿನ ನಷ್ಟ ಒಪ್ಪಿಕೊಂಡು ಬಾಳಿಕೆ ಕೊಂಡವು.