ಜಗಲಿ ಹತ್ತಿದ ಹಿತ್ತಲು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, 'ಅದನ್ನೊಂದು ಕೊಟ್ಟೆಗೆ ಹಾಕಿ ಕೊಡಿ' ಎಂಬ ಮಾತು ಕಿವಿಗೆ ಬೀಳುತ್ತದೆ. ನಮ್ಮಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಕೊಟ್ಟೆ ಎನ್ನುವುದು ರೂಢಿ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸುವವರೆಗೆ ಪ್ಯಾಕೆಟ್ ಸಾರಾಯಿಗೂ ಕೊಟ್ಟೆ ಸಾರಾಯಿ ಎಂದೇ ಹೆಸರು. ಅದಕ್ಕೂ ಹಿಂದಿನ ಕೊಟ್ಟೆ ಇದ್ದದ್ದು ಅಡಿಕೆ ಮರದ ತುದಿಯಲ್ಲಿ. ಮಳೆ ಹಿಡಿಯುವ ಮೊದಲು ಕೊನೆಗೌಡ ಮರ ಹತ್ತಿ, ಕರಡದ ಹುಲ್ಲಿನದೋ ಹಾಳೆಯದೋ ಕೊಟ್ಟೆಯನ್ನು ಕೊನೆಗೆ ಕಟ್ಟಿ ಇಳಿಯುತ್ತಿದ್ದ. ಕಾಯಿಗೆ ನೀರು ತಾಗದಿದ್ದರೆ ಕೊಳೆ ಬಾರದು ಎಂಬ ಲೆಕ್ಕ. ಈಗ ಅದೇ ಹೆಸರಿನ ಚೀಲ ಜಗಲಿಗೆ ಬಂದು ಕೂತಿದೆ. ಒಳಗೆ ಮಣ್ಣು, ಮಣ್ಣಿನಲ್ಲಿ ಬದನೆ ಗಿಡ.

ಬಯಲುಸೀಮೆಯ ನೆಂಟರು ಇದನ್ನು ನೋಡಿ ನಗುವುದುಂಟು. ಹಿಂದೆ ಸೊಪ್ಪಿನ ಬೆಟ್ಟ, ಮುಂದೆ ತೋಟ, ಪಕ್ಕದಲ್ಲಿ ಹಳ್ಳ ಇಟ್ಟುಕೊಂಡು ಪೇಂಟ್ ಬಕೆಟ್ಟಿನಲ್ಲಿ ಮೆಣಸಿನ ಗಿಡ ಸಾಕುವುದೆಂದರೆ ಹೊಳೆ ದಂಡೆಯಲ್ಲಿ ಕೂತು ಬಾಟಲಿ ನೀರು ಕುಡಿದ ಹಾಗೆ ಎಂದು ಅವರ ತಮಾಷೆ. ಬೆಂಗಳೂರಿನಲ್ಲಾದರೆ ಅರ್ಥವಿದೆ. ಅಲ್ಲಿ ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್ ಅಂಥವರು ತಾರಸಿ ತೋಟದ ರುಚಿ ಹತ್ತಿಸಿದ್ದು ನೆಲವೇ ಇಲ್ಲದ ಜನಕ್ಕೆ. ನಮ್ಮ ಕತೆ ಬೇರೆ. ನೆಲ ಬೇಕಾದಷ್ಟಿದೆ, ವರ್ಷದಲ್ಲಿ ನಾಲ್ಕು ತಿಂಗಳು ಗಿಡವನ್ನು ಆ ನೆಲದಿಂದ ಎತ್ತಿ ಕಾಪಾಡಬೇಕು, ಅಷ್ಟೇ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ. ಹೊಸನಗರದ ಹುಲಿಕಲ್ಲು ಅದರ ಜೊತೆ ಪಂದ್ಯ ಕಟ್ಟಿದಂತೆ ಸುರಿಸುತ್ತದೆ. ಸಾಗರದಿಂದ ಪೂರ್ವಕ್ಕೆ ಆನಂದಪುರದ ಕಡೆ ಇಳಿದರೆ ಅಬ್ಬರ ಕಡಿಮೆ. ಘಟ್ಟದ ಅಂಚಿನಲ್ಲಿ ಮಾತ್ರ ಆರಿದ್ರೆಯಿಂದ ಆಶ್ಲೇಷದವರೆಗೆ ಹಿತ್ತಲು ಎಂದರೆ ಕೆಸರು. ಜಂಬಿಟ್ಟಿಗೆ ಮಣ್ಣಿನ ಸುಣ್ಣದಂಶವೆಲ್ಲ ತೊಳೆದುಹೋಗಿ ಹುಳಿ ಮಾತ್ರ ಉಳಿಯುತ್ತದೆ. ಇಂಥ ನೆಲದಲ್ಲಿ ಬದನೆ, ಟೊಮೆಟೊ ನೆಟ್ಟವರಿಗೆ ಸೊರಗು ರೋಗದ ಪರಿಚಯ ಮಾಡಿಕೊಡಬೇಕಿಲ್ಲ. ಬೆಳಿಗ್ಗೆ ನೆಟ್ಟಗೆ ನಿಂತಿದ್ದ ಗಿಡ ಮಧ್ಯಾಹ್ನದ ಹೊತ್ತಿಗೆ ಬಿಸಿನೀರು ಹೊಯ್ದಂತೆ ಜೋತುಬೀಳುತ್ತದೆ, ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ. ಕಾಂಡವನ್ನು ಬುಡದಲ್ಲಿ ಕುಯ್ದು ಗಾಜಿನ ಲೋಟದ ನೀರಿಗೆ ಇಳಿಬಿಟ್ಟು ನೋಡಿ, ತುದಿಯಿಂದ ಹಾಲಿನಂಥ ಬಿಳಿ ಎಳೆ ಮೆಲ್ಲಗೆ ಇಳಿಯುತ್ತದೆ. ಅದೆಲ್ಲ ಬ್ಯಾಕ್ಟೀರಿಯಾ. ಒಮ್ಮೆ ನೆಲಕ್ಕೆ ಸೇರಿದರೆ ವರ್ಷಗಟ್ಟಲೆ ಅಲ್ಲೇ ಬೀಡುಬಿಡುತ್ತದೆ, ಮಳೆ ನೀರಿನ ಜೊತೆ ಪಕ್ಕದ ಸಾಲಿಗೂ ಹರಿಯುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ ಟೊಮೆಟೊ ತಳಿಗಳು ಇದನ್ನು ತಡೆದುಕೊಳ್ಳುತ್ತವೆ. ಊರ ಬದನೆಯೇ ಬೇಕು ಎನ್ನುವವರಿಗೆ ಸುಲಭದ ದಾರಿ ಬಕೆಟ್. ಒಂದು ಗಿಡ ಸೊರಗಿದರೆ ಆ ಬಕೆಟ್ಟಿನ ಮಣ್ಣನ್ನು ದೂರ ಚೆಲ್ಲಿದರಾಯಿತು, ಪಕ್ಕದ್ದಕ್ಕೆ ದಾಟದು.

ಮಳೆಯ ನಂತರದ ಶತ್ರು ಮಂಗ. ಮಂಗಗಳ ಕಾಟ ತಾಳಲಾರದೆ ರೈತರು ಬೀದಿಗಿಳಿದದ್ದೂ ಇದೆ. ಶರಾವತಿ ಹಿನ್ನೀರಿನ ಕಡೆ ಮಂಗಗಳ ಪಾರ್ಕ್ ಮಾಡುವ ಮಾತು ಎದ್ದು, ಅಲ್ಲಿಯವರು ಬೇಡವೆಂದು ಕೂತದ್ದೂ ಇದೆ. ಮಂಗ ಬಕೆಟ್ಟಿಗೆ ಹೆದರುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಜಗಲಿಯ ಗಿಡಕ್ಕೆ ನಾಯಿ ಇದೆ, ಕವಳ ಹಾಕುತ್ತ ಕೂತ ಅಜ್ಜ ಇದ್ದಾರೆ. ಹಿತ್ತಲ ತುದಿಯ ಬೆಂಡೆ ಸಾಲಿಗೆ ಯಾರಿದ್ದಾರೆ? ಮೊದಲು ಬೇಲಿ ಕಟ್ಟಲು ಆಳಿದ್ದರು, ಗದ್ದೆ ಬದುವಿನಲ್ಲಿ ಅಲಸಂದೆ, ಮೊಗೆಕಾಯಿ ಬೆಳೆಯುತ್ತಿದ್ದವು. ಗದ್ದೆಗೆಲ್ಲ ಅಡಿಕೆ ಬಂತು. ಈಗ ಎಕರೆಗಟ್ಟಲೆ ತೋಟದ ಯಜಮಾನರೂ ಪೇಟೆಯಿಂದ ಬೀನ್ಸ್ ತರುತ್ತಾರೆ.

ಇನ್ನು ಪಾತ್ರೆಯ ವಿಚಾರ. ದುಡ್ಡು ಕೊಟ್ಟು ಕುಂಡ ತರುವುದು ನಮ್ಮಲ್ಲಿ ಇನ್ನೂ ಸ್ವಲ್ಪ ನಾಚಿಕೆಯ ಸಂಗತಿ. ಬಿರುಕು ಬಿಟ್ಟ ಕೊಡ, 15 ಲೀಟರಿನ ಎಣ್ಣೆ ಡಬ್ಬಿ, 20 ಲೀಟರಿನ ಪೇಂಟ್ ಬಕೆಟ್, ಮೀನಿನ ಗಾಡಿಯವರು ಬಿಟ್ಟುಹೋದ ಥರ್ಮಾಕೋಲ್ ಪೆಟ್ಟಿಗೆ, ಹಿಂಡಿ ಚೀಲ. ಸಸಿ ಮಾಡುವುದಕ್ಕೆ ಹಾಲಿನ ಪ್ಯಾಕೆಟ್, ಅದಕ್ಕಿಂತ ಚೆಂದ ಅಡಿಕೆ ಹಾಳೆ. ಬಿದ್ದ ಹಾಳೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಎರಡು ತುದಿ ಮಡಚಿ, ಕಡ್ಡಿ ಚುಚ್ಚಿದರೆ ದೋಣಿಯಂಥ ತಟ್ಟೆ. ಹರಿವೆ ಬೀಜ ಉದುರಿಸಲು, ಮೆಣಸಿನ ಸಸಿ ಎಬ್ಬಿಸಲು ಅಷ್ಟು ಸಾಕು. ಗಿಡ ನಾಟಿಯಾಗುವ ಹೊತ್ತಿಗೆ ಹಾಳೆಯೂ ಕುಂಬಾಗಿ ಗೊಬ್ಬರದ ಗುಂಡಿ ಸೇರುತ್ತದೆ.

ತೂತು ಕೊರೆಯುವ ಕೆಲಸ ನಮ್ಮಲ್ಲಿ ಬಚ್ಚಲ ಒಲೆಯ ಮುಂದೆ. ಬೆರಳು ಗಾತ್ರದ ಸರಳನ್ನು ಕೆಂಪಗೆ ಕಾಯಿಸಿ, ಬಕೆಟ್ ಬೋರಲು ಹಾಕಿ, ಬುಡಕ್ಕೆ ಒತ್ತಿದರೆ ಚೊಂಯ್ ಎಂದು ಹೊಗೆ ಏಳುತ್ತದೆ. ವಾಸನೆ ಕೆಟ್ಟದು, ಮಕ್ಕಳನ್ನು ದೂರ ಇಡಬೇಕು. ಬುಡದಲ್ಲಿ ಐದು, ಬದಿಯಲ್ಲಿ ಒಂದಂಗುಲ ಮೇಲೆ ನಾಲ್ಕು. ಅಮ್ಮ ಬುಡದ ತೂತಿನ ಮೇಲೆ ಒಡೆದ ಹೆಂಚಿನ ಚೂರು ಮುಚ್ಚಿ, ಮೇಲೊಂದು ಹಿಡಿ ತೆಂಗಿನ ಸಿಪ್ಪೆ ಹರಡಿಯೇ ಮಣ್ಣು ಹಾಕುವುದು. ಬಕೆಟ್ಟನ್ನು ಎರಡು ಅಡಿಕೆ ದಬ್ಬೆಯ ಮೇಲೆ ಎತ್ತಿಡುವುದು ಮಾತ್ರ ನಾನು ಕಲಿತು ಸೇರಿಸಿದ್ದು. ನೆಲಕ್ಕೆ ಕೂತ ಬಕೆಟ್ಟಿನ ತೂತನ್ನು ಕೆಸರೇ ಮುಚ್ಚಿಬಿಡುತ್ತದೆ, ಮಳೆಗಾಲದಲ್ಲಿ ಗಿಡ ಸಾಯುವುದು ಹೆಚ್ಚಾಗಿ ಹಾಗೆ.

ಮಣ್ಣಿನ ಲೆಕ್ಕ ಒಂದು ಪಾಲು ಮಣ್ಣು, ಒಂದು ಪಾಲು ಹಟ್ಟಿಗೊಬ್ಬರ, ಒಂದು ಪಾಲು ಹಗುರಾದದ್ದು ಏನಾದರೂ. ಹಗುರಾದದ್ದು ಎಂದರೆ ಹಿಂದೆಲ್ಲ ಬೆಟ್ಟದ ದರಕು. ಈಗ ಅದನ್ನು ಕಣ್ಣುಮುಚ್ಚಿ ತರುವಂತಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗೊತ್ತಾದ ಮಂಗನ ಕಾಯಿಲೆ 2019ರಲ್ಲಿ ಸಾಗರದ ಅರಳಗೋಡನ್ನು ನಡುಗಿಸಿದ್ದು ಮರೆಯುವಂಥದ್ದಲ್ಲ. ಬೇಸಗೆಯ ದರಕಿನಲ್ಲಿ ಆ ಕಾಯಿಲೆ ಹರಡುವ ಉಣುಗು ಮನೆಗೇ ಬರುತ್ತದೆ. ಹಾಗಾಗಿ ಮನೆಯದೇ ಅಡಿಕೆ ಸಿಪ್ಪೆ ಒಳ್ಳೆಯದು. ಹಸಿ ಸಿಪ್ಪೆ ಬೇಡ, ಅದು ಕರಗುವುದು ನಿಧಾನ. ಸಗಣಿ ನೀರು ಹೊಯ್ದು ವರ್ಷ ಕಳೆದದ್ದಿರಲಿ. ಅದರ ಜೊತೆ ಒಂದು ಬುಟ್ಟಿ ಸುಡುಮಣ್ಣು ಬೆರೆಸಿದರೆ ಗಿಡದ ಬಣ್ಣವೇ ಬೇರೆ. ಹರಿವೆ, ಕೊತ್ತಂಬರಿಗೆ ಒಂದು ಗೇಣು ಆಳ ಸಾಕು. ಮೆಣಸಿಗೆ 10 ಲೀಟರ್, ಬದನೆಗೆ 20. ಹೀರೆ, ಮೊಗೆಯಂಥ ಬಳ್ಳಿಗೆ ದೊಡ್ಡ ಚೀಲವೇ ಬೇಕು. ಬಕೆಟ್ಟಿನ ಗೊಬ್ಬರ ಪ್ರತಿ ನೀರಿಗೂ ಒಂದಿಷ್ಟು ತೊಳೆದು ಹೋಗುವುದರಿಂದ ಹದಿನೈದು ದಿನಕ್ಕೊಮ್ಮೆ ತೆಳು ಮಾಡಿದ ಸಗಣಿ ನೀರೋ ಜೀವಾಮೃತವೋ ಕೊಡಲೇಬೇಕು. ಬರೀ ಅಕ್ಕಿ ತೊಳೆದ ನೀರಿನಲ್ಲಿ ಬದನೆ ಬೆಳೆದೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಜಾಗದ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅಡಿಕೆಯೇ. ಅಂಗಳದಲ್ಲಿ ಅಡಿಕೆ ಒಣಗಿಸಲು ಪಾರದರ್ಶಕ ಹಾಳೆ ಹೊದೆಸಿದ ಮಾಡು ಈಗ ಎಷ್ಟೋ ಮನೆಗಳಲ್ಲಿದೆ. ಕೊಯ್ಲು ಶುರುವಾಗುವುದು ಮಳೆ ಕಳೆದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಾಡಿನ ಕೆಳಗೆ ಬೈಕು, ಸೌದೆ, ಒಣಗದ ಬಟ್ಟೆ. ಬಕೆಟ್‌ಗಳು ಅಲ್ಲಿಗೆ ಹೋದವು. ಬೆಳಕು ಬರುತ್ತದೆ, ಹನಿ ಬೀಳದು. ಚಪ್ಪರದಡಿ ಅಡಿಕೆ ಬರುವ ಹೊತ್ತಿಗೆ ಮಳೆ ಬಿಟ್ಟಿರುತ್ತದೆ, ಬಕೆಟ್‌ಗಳನ್ನು ಅಂಗಳದಂಚಿಗೆ ಜರುಗಿಸಿದರಾಯಿತು. ನೆಲದಲ್ಲಿ ನೆಟ್ಟ ಗಿಡವನ್ನು ಹೀಗೆ ಕೈಹಿಡಿದು ನಡೆಸಲು ಬರುವುದಿಲ್ಲ. ಕೊಳೆ ಜೋರಾದ ವರ್ಷ ಮಾತ್ರ ಆಟ ಕೆಡುತ್ತದೆ. ಆಷಾಢದಲ್ಲೇ ಉದುರಿದ ಅಡಿಕೆ ಹೆಕ್ಕಿ ತಂದು ಅಲ್ಲೇ ಹರವಬೇಕು, ಆಗ ಬದನೆ ಗಿಡ ಮಳೆಗೆ ಹೊರಬೀಳುತ್ತದೆ. ಅಡಿಕೆ ಎದುರು ಬದನೆಯ ವಾದ ಯಾವ ಮನೆಯಲ್ಲೂ ಗೆದ್ದದ್ದಿಲ್ಲ.

ಚೀಲದಲ್ಲಿ ಅತಿ ಚೆನ್ನಾಗಿ ಬಂದದ್ದು ಶುಂಠಿ. ಗದ್ದೆ ಗುತ್ತಿಗೆ ಹಿಡಿದು ಶುಂಠಿ ಹಾಕುವವರು ಕೊಳೆ ರೋಗಕ್ಕೆ ಕಂಗಾಲಾಗುವುದನ್ನು ಸಾಗರದ ಸುತ್ತ ಎಲ್ಲರೂ ಕಂಡವರೇ. ಹಿಂಡಿ ಚೀಲವನ್ನು ಅರ್ಧ ಮಡಚಿ, ಎರಡು ತುಂಡು ಊರಿ, ಗಿಡ ಎದ್ದಂತೆ ಅಂಚು ಬಿಚ್ಚುತ್ತ ಮಣ್ಣು ಏರಿಸಿದರೆ ಮನೆಗೆ ಬೇಕಾದಷ್ಟಾಯಿತು. ಕೀಳಲು ಗುದ್ದಲಿಯೂ ಬೇಡ, ಚೀಲ ಬೋರಲು ಹಾಕಿದರೆ ಮುಗಿಯಿತು.

ಎಡವಟ್ಟುಗಳೂ ಆಗಿವೆ. ಒಂದು ವರ್ಷ ಸಿಮೆಂಟ್ ಚೀಲವನ್ನು ಸರಿಯಾಗಿ ಕೊಡವದೆ ಮಣ್ಣು ತುಂಬಿದ್ದೆ. ಅಡಿಯಲ್ಲಿ ಗಟ್ಟಿಯಾದ ಸಿಮೆಂಟು ನೀರನ್ನೂ ಬಿಡಲಿಲ್ಲ, ಗಿಡವನ್ನೂ ಏಳಗೊಡಲಿಲ್ಲ. ಮೆಣಸಿನ ಎಲೆಗಳೆಲ್ಲ ಹಳದಿ. ನೇಯ್ದ ಬಿಳಿ ಚೀಲಗಳಂತೂ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಪುಡಿಯಾಗುತ್ತವೆ. ಎತ್ತಲು ಹೋದರೆ ಬೆರಳ ಸಂದಿಯಲ್ಲಿ ಪ್ಲಾಸ್ಟಿಕ್ ಎಳೆ ಉದುರುತ್ತದೆ, ಅದು ಸೇರುವುದು ಅದೇ ಹಿತ್ತಲ ಮಣ್ಣನ್ನು. ಮರುಬಳಕೆ ಮಾಡಿದೆವೆಂದು ಬೀಗುವ ಮೊದಲು ಇದನ್ನೂ ನೋಡಬೇಕು. ಪುಡಿಯಾಗುವ ಮುಂಚೆಯೇ ಚೀಲ ಬದಲಿಸುವುದು ಲೇಸು. ತೂತು ಕಟ್ಟಿದ ಡಬ್ಬಿಯಲ್ಲಿ ನೀರು ನಿಂತರೆ ವಾರ ಹತ್ತು ದಿನದಲ್ಲಿ ಡೆಂಗಿ ಸೊಳ್ಳೆ ಹಾರುತ್ತದೆ.

ಎಲ್ಲಕ್ಕಿಂತ ಹೆದರಿಕೆ ಔಷಧಿ ಡಬ್ಬಿಯದು. ಕೀಟನಾಶಕದ ಕ್ಯಾನ್ ಗಟ್ಟಿ, ಮುಚ್ಚಳ ಭದ್ರ, ಕೈಗೆ ಸಿಗುತ್ತದೆ. ಕೆಂಪು ಗುರುತಿರಲಿ, ಹಳದಿ, ನೀಲಿ, ಹಸಿರೇ ಇರಲಿ, ಎಷ್ಟು ತೊಳೆದರೂ ಅದು ಸೊಪ್ಪು ಬೆಳೆಯುವ ಪಾತ್ರೆಯಲ್ಲ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದ ಹಳೆ ಡ್ರಮ್ಮಿನ ಗೋಡೆಗೆ ಅಂಟಿದ ನೀಲಿಯೂ ಸುಮ್ಮನೆ ಬಿಡುವಂಥದ್ದಲ್ಲ, ಮೈಲುತುತ್ತ ಹೆಚ್ಚಾದರೆ ಬೇರು ಸುಡುತ್ತದೆ. ಆ ಡ್ರಮ್ಮು ಬೋರ್ಡೋಗೇ ಇರಲಿ.

ಇಷ್ಟೆಲ್ಲ ಮಾಡಿ ಮನೆ ತರಕಾರಿ ಪೂರಾ ಬಕೆಟ್ಟಿನಿಂದಲೇ ಬರುತ್ತದೆಯೇ ಎಂದರೆ ಇಲ್ಲ. ಆಷಾಢದ ಮೋಡದಲ್ಲಿ ಟೊಮೆಟೊ ಹೂ ಕಟ್ಟದೆ ಸತಾಯಿಸುತ್ತದೆ, ಬೆಂಡೆ ಮುನಿಸಿಕೊಳ್ಳುತ್ತದೆ. ಸಲೀಸಾಗಿ ಬರುವುದು ಸೂಜಿಮೆಣಸು, ಹರಿವೆ, ಒಂದೆಲಗ, ಬಸಳೆ, ಅಂದರೆ ತಂಬುಳಿ ಸಾರಿನ ಬಳಗ. ನಾಲ್ಕು ಬಕೆಟ್ ಬದನೆಯಲ್ಲಿ ವಾರಕ್ಕೊಂದು ಪಲ್ಯ ಆದೀತು. ಮಳೆ ಹಿಡಿದು ರಸ್ತೆಗೆ ಮರ ಬಿದ್ದ ದಿನ ಆ ಪಲ್ಯದ ಬೆಲೆ ಗೊತ್ತಾಗುತ್ತದೆ.

ಮೊದಲ ಸಲ ಮಾಡುವವರು ರೋಹಿಣಿ ಮಳೆಯೊಳಗೆ ಡಬ್ಬಿಗೆ ತೂತು ಕೊರೆದು ಮಣ್ಣು ತುಂಬಿಡಿ, ಮೃಗಶಿರೆ ಹೊತ್ತಿಗೆ ಸಸಿ ಕೂರಿಸಿ. ಊರ ಬೀಜ ಬೇಕೆಂದರೆ ಹಿತ್ತಲ ತಳಿಗಳನ್ನು ಕಾಪಿಟ್ಟುಕೊಂಡು ಬಂದ ಶಿರಸಿಯ ವನಸ್ತ್ರೀ ಬಳಗದ ಹೆಂಗಸರಿದ್ದಾರೆ. ಬಸಳೆಗೆ ಬೀಜವೂ ಬೇಡ, ಅಷ್ಟು ದೂರ ಹೋಗುವುದೂ ಬೇಡ. ಪಕ್ಕದ ಮನೆಯಲ್ಲಿ ಒಂದು ಗೇಣು ಬಳ್ಳಿ ಕೇಳಿ. ಬಸಳೆ ಬಳ್ಳಿ ಕೇಳಿದವರನ್ನು ಬರಿಗೈಯಲ್ಲಿ ಕಳಿಸುವ ಮನೆ ಈ ಮೂರು ತಾಲೂಕಿನಲ್ಲಿ ನಾನಿನ್ನೂ ನೋಡಿಲ್ಲ.